ಒಂದು ಸೀರೆಯಗಲದ ಬಿಸಿಲು

ಪ್ರೀತಿಯ ಅನಂತಲಕ್ಷ್ಮಿ,

ಪಕ್ಕದ ಮನೆಯವಳಿಗೆ ಕಾಗದ ಬರೆಯುವ ಹುಚ್ಚು ನನಗೇ ಬರಬೇಕಿತ್ತು ನೋಡು. ಏನು ಮಾಡಲಿ, ಫೋನ್ ಮಾಡಿದರೆ ನಿನ್ನ ಆಫೀಸಿನ ಹುಡುಗಿ ಎತ್ತಿ "ಆರ್ಡರ್ ಹೇಳಿ ಮೇಡಂ" ಅನ್ನುತ್ತಾಳೆ. ನನ್ನದು ಆರ್ಡರ್ ಅಲ್ಲ. ಶಿವರಾತ್ರಿ ಕಳೆಯಿತು, ಹಪ್ಪಳದ ಕಾಲ ಬಂತು, ಅದನ್ನೇ ಹೇಳಬೇಕಿತ್ತು.

ಬಸವೇಶ್ವರನಗರದ ಈ ರಸ್ತೆಗೆ ನಾವಿಬ್ಬರೂ ಸೊಸೆಯರಾಗಿ ಬಂದ ಮೊದಲ ಬೇಸಿಗೆಯಿಂದ ಉದ್ದಿನ ಹಪ್ಪಳ ನಮ್ಮ ತಾರಸಿಯಲ್ಲೇ ಅಲ್ಲವೇ? ಹೆಂಗಸರೆಲ್ಲ ಅವರವರ ಮಣೆ, ಲಟ್ಟಣಿಗೆ ಹಿಡಿದು ಬರುತ್ತಿದ್ದರು. ಲಟ್ಟಿಸಿದ್ದಕ್ಕಿಂತ ಹಸಿ ಹಿಟ್ಟಿಗೆ ಎಣ್ಣೆ ಹಚ್ಚಿಕೊಂಡು ತಿಂದದ್ದೇ ಹೆಚ್ಚು. ನನ್ನ ಹಳೇ ಸೀರೆ ಹಾಸಿ ಹಪ್ಪಳ ಹರವಿ, ಕಾಗೆ ಓಡಿಸಲೆಂದು ಕಪ್ಪು ಕೊಡೆ ಬಿಚ್ಚಿಟ್ಟರೆ ಅದರ ನೆರಳಿನಲ್ಲಿ ನೀನು ಗೊರಕೆ ಹೊಡೆಯುತ್ತಿದ್ದೆ. ಕಾವಲಿಗೆ ಕೂತವಳು ನೀನು! ಯುಗಾದಿಗೆ ಲಟ್ಟಣಿಗೆ ತೊಳೆದಿಟ್ಟರೆ ಮುಗಿಯಿತು. ಮನೆಗೆ ಮಿಕ್ಕಿದ್ದನ್ನು ಅಂಗಡಿಗೆ ಕೊಟ್ಟಮೇಲೆ ಯಾರು ಎಷ್ಟು ಕೇಳಿದರೂ ಮುಂದಿನ ವರ್ಷವೇ.

ಹಾಗೆ ತೊಳೆದಿಡುವ ದಿನವೇ ನಾವು ಬೇರೆಯಾದದ್ದು. "ಅಂಗಡಿಯೋರು ವರ್ಷಪೂರ್ತಿ ಕೇಳ್ತಾ ಇದಾರೆ ಕಣೇ ವತ್ಸಲಾ. ಲಗ್ಗೆರೇಲಿ ಶೆಡ್ ಸಿಗತ್ತೆ, ಡ್ರೈಯರ್ ಹಾಕ್ಸೋಣ" ಎಂದು ನೀನು ಹೇಳಿದೆ. "ನಂಗೆ ಇಷ್ಟು ಸಾಕು ಕಣೇ" ಎಂದೆ ನಾನು. "ಸಾಕು ಸಾಕು ಅಂತ ಇಲ್ಲೇ ಕೂತಿರು" ಎಂದು ಮೆಟ್ಟಿಲಿಳಿದು ಹೋದವಳು ಮತ್ತೆ ಹತ್ತಲಿಲ್ಲ.

ನೀನು ಬೆಳೆದೆ. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾದೀತು. ನಿನ್ನ ಪ್ಯಾಕೆಟ್ ತಂದು ಕರಿದು ನೋಡಿದೆ. ಚೆನ್ನಾಗಿಯೇ ಇದೆ. ಎಲ್ಲವೂ ಒಂದೇ ಅಳತೆ, ಒಂದೂ ಸೊಟ್ಟಗಿಲ್ಲ. ನೀನು ಲಟ್ಟಿಸಿದ್ದು ಯಾವತ್ತು ದುಂಡಗಿತ್ತು ಹೇಳು? ಆ ಸೊಟ್ಟ ಹಪ್ಪಳ ನೆನೆದು ಒಲೆಯ ಮುಂದೆಯೇ ಅತ್ತುಬಿಟ್ಟೆ.

ನನಗೇನೂ ಕಡಿಮೆಯಾಗಿಲ್ಲ. ಮನೆ ಸಣ್ಣದು, ಸೀರೆ ಹರಿಯುವ ತನಕ ಉಡುತ್ತೇನೆ, ಮಧ್ಯಾಹ್ನ ಒಳ್ಳೆಯ ನಿದ್ದೆ ಬರುತ್ತದೆ. ನೋಡಿದವರು ಅಯ್ಯೋ ಪಾಪ ಅನ್ನುತ್ತಾರೆ, ಅದೊಂದು ರೇಜಿಗೆ. ಸಾಕು ಎಂದದ್ದಕ್ಕೆ ಇಂದಿಗೂ ಬೇಸರವಿಲ್ಲ. ಆದರೆ ಆ ಒಂದು ಮಾತಿಗೆ ನೀನೂ ಹೋಗಿಬಿಡುತ್ತೀಯೆಂದು ಅಂದುಕೊಂಡಿರಲಿಲ್ಲ.

ಇನ್ನೊಂದು ವಿಷಯ, ಹೇಳದೆ ವಿಧಿಯಿಲ್ಲ. ಹಳೆ ಮನೆ ಕೆಡವಿ ನಾಲ್ಕಂತಸ್ತು ಎಬ್ಬಿಸಿದೆಯಲ್ಲ, ಆವತ್ತಿನಿಂದ ನಮ್ಮ ತಾರಸಿಗೆ ಬಿಸಿಲಿಲ್ಲ. ಬೆಳಗಿನದನ್ನು ಆ ಬದಿಯ ಮನೆ ಮೊದಲೇ ತಡೆದಿತ್ತು; ಈಗ ಸೂರ್ಯ ನೆತ್ತಿಗೆ ಬಂದಾಗ ಒಂದಿಷ್ಟು ಬೀಳುತ್ತದೆ, ಕೊಡೆ ಬಿಚ್ಚುವಷ್ಟರಲ್ಲಿ ನಿನ್ನ ಗೋಡೆಯ ನೆರಳು ಬಂದು ಮಲಗುತ್ತದೆ. ಹೋದ ವರ್ಷ ಫ್ಯಾನಿನ ಕೆಳಗೆ ಒಣಗಿಸಿದೆ. ಮುಗ್ಗಲು ಹಿಡಿದು ಎಲ್ಲವನ್ನೂ ಚೆಲ್ಲಬೇಕಾಯಿತು. ಹೆಂಗಸರು ಪೆಚ್ಚಾಗಿ ಲಟ್ಟಣಿಗೆ ಎತ್ತಿಕೊಂಡು ಹೋದರು. ನಿನಗೆ ಹೇಳಿದ್ದರೆ ಶೆಡ್ಡಿಗೆ ಒಯ್ದು ಒಣಗಿಸಿ ಕಳಿಸುತ್ತಿದ್ದೆ, ನೀನು ಅಂಥವಳೇ. ನನಗೆ ಬೇಕಿದ್ದುದು ಅದಲ್ಲ.

ಈ ಸಲವೂ ಉದ್ದಿನಬೇಳೆ ಬೀಸಿಸಿ ತಂದಿದ್ದೇನೆ. ಬಿಸಿಲು ಈಗ ನಿನ್ನ ತಾರಸಿಯಲ್ಲಿದೆ. ಅಲ್ಲಿ ಒಂದು ಸೀರೆ ಹಾಸುವಷ್ಟು ಜಾಗ ಕೊಡು. ಕೊಡೆ ನಾನೇ ತರುತ್ತೇನೆ. ಕಾವಲಿಗೆ ನೀನು ಬಾ.

ನಿನ್ನ ಮನೆ ತುಂಬಿರಲಿ, ನಿನಗೂ ಮಧ್ಯಾಹ್ನದ ನಿದ್ದೆ ಸಿಗಲಿ.

ನಿನ್ನ ಗೋಡೆಯ ಈಚೆಗಿರುವ,
ವತ್ಸಲಾ