ಇಮೆಲ್ಡಾ ಟೀಚರ್ ಓದಿ ಹೇಳುವ ಪತ್ರ

ಕಾರ್ಕಳ
೨೭ ಫೆಬ್ರವರಿ ೨೦೨೫

ನನ್ನ ಒಬ್ಬಳೇ ಅಕ್ಕ ಜೆಸ್ಸಿಗೆ ತಮ್ಮ ಬೆಂಜಮಿನ್ ಮಾಡುವ ನಮಸ್ಕಾರ.

ಕ್ರಿಸ್ಮಸ್ ಕಳೆದು ಎರಡು ತಿಂಗಳಾಯಿತು, ಒಂದು ಫೋನೂ ಇಲ್ಲ ಎಂದು ಬೇಸರಿಸಿಕೊಂಡಿರಬಹುದು. ಕ್ಷಮಿಸು. ಕಾಲೇಜಿನಲ್ಲಿ ಪರೀಕ್ಷೆಯ ಗಡಿಬಿಡಿ, ಅದರ ಮೇಲೆ ನನ್ನ ಸ್ವಂತ ಓದು. ಏನು ಓದಿದೆ ಎಂದು ಮುಂದೆ ಹೇಳುತ್ತೇನೆ. ಮುಂದಿನ ವಾರ ಬೂದಿ ಬುಧವಾರ. ಆಮೇಲೆ ಪಾದ್ರಿಗಳು ನಲವತ್ತು ದಿನ ‘ಕ್ಷಮಿಸಿ, ಕ್ಷಮಿಸಿ’ ಎನ್ನುತ್ತಾರೆ. ಅದಕ್ಕೆ ಮೊದಲೇ ಬರೆದು ಮುಗಿಸುತ್ತಿದ್ದೇನೆ.

ಕಾಗದ ಬಿಡಿಸಿದಾಗ ಒಂದಕ್ಷರವೂ ಕಾಣದೆ, ಬರೀ ಚುಕ್ಕೆಗಳನ್ನು ನೋಡಿ, “ಇವನಿಗೆ ತಲೆ ಸರಿ ಉಂಟಾ?” ಎಂದು ಸ್ಯಾಮ್ಸನ್ ಬಾವ ಕೇಳಿರುತ್ತಾರೆ. ಉಂಟು ಬಾವ. ಬೇಕೆಂದೇ ಬ್ರೈಲ್‌ನಲ್ಲಿ ಬರೆದೆ. ಇನ್ನೊಬ್ಬರ ಬಾಯನ್ನು ನಂಬಿ ಕುಳಿತುಕೊಳ್ಳುವುದು ಹೇಗಿರುತ್ತದೆಂದು ನಿಮ್ಮ ಮನೆಗೂ ಒಂದು ಮಧ್ಯಾಹ್ನ ತಿಳಿಯಲಿ.

ಅದಕ್ಕಾಗಿಯೇ ಇದನ್ನು ಇನ್ನಂಜೆಗೆ, ಇಮೆಲ್ಡಾ ಟೀಚರ ವಿಳಾಸಕ್ಕೆ ಕಳಿಸಿ, ರಿಕ್ಷಾ ಮಾಡಿಕೊಂಡು ನಿಮ್ಮಲ್ಲಿಗೆ ಹೋಗಿ ಓದಲು ಕೇಳಿಕೊಂಡೆ. ನನಗೆ ಆರನೇ ವಯಸ್ಸಿನಲ್ಲಿ ಬ್ರೈಲ್ ಕಲಿಸಿದವರು ಅವರು. ಎಪ್ಪತ್ತಾರು ವರ್ಷ, ನನ್ನ ಹಾಗೆಯೇ ಕಣ್ಣು ಕಾಣುವುದಿಲ್ಲ. ಅವರ ಬೆರಳು ನಮ್ಮ ಉಡುಪಿ-ಕಾರ್ಕಳ ಸರ್ವಿಸ್ ಬಸ್ಸು, ಒಂದು ಸ್ಟಾಪನ್ನೂ ಬಿಡುವುದಿಲ್ಲ. ನೀನು ಎಕ್ಸ್‌ಪ್ರೆಸ್. ಟೀಚರ್, ಈಗ ಜೆಸ್ಸಿ “ಚಹಾ ಕುಡಿದು ಓದುವ ಟೀಚರ್” ಎನ್ನುತ್ತಾಳೆ. ಚಹಾ ಆರಲಿ. ನೀವು ಮುಂದುವರಿಸಿ.

ಅಮ್ಮ ತೀರಿಕೊಂಡ ಮೂರನೇ ತಿಂಗಳು ನೀನು ನನ್ನನ್ನು ನೋಂದಣಿ ಕಚೇರಿಗೆ ಕರೆದುಕೊಂಡು ಹೋದೆ. ಅಮ್ಮನ ಕಾಪು ಮನೆಯನ್ನು ನಮ್ಮಿಬ್ಬರ ಹೆಸರಿಗೆ ಮಾಡುವ ಕಾಗದ ಎಂದೆ. ಅಲ್ಲಿಯ ಗುಮಾಸ್ತರು ನನ್ನ ಎದುರೇ ನಿನ್ನನ್ನು ಕೇಳಿದರು, “ಇವರಿಗೆ ವಯಸ್ಸೆಷ್ಟು? ಇವರಿಗೆ ವಿಷಯ ಗೊತ್ತುಂಟಾ?”

“ನಾನು ಇಲ್ಲೇ ಇದ್ದೇನೆ, ವಯಸ್ಸೂ ನನ್ನ ಜೊತೆಗೇ ಬಂದಿದೆ” ಎಂದೆ ನಾನು.

ಅವರು ನಕ್ಕು ಪುನಃ ನಿನ್ನನ್ನೇ ಕೇಳಿದರು, “ಓದಿ ಹೇಳಿದ್ದೀರಲ್ವಾ?”

“ನನ್ನ ತಮ್ಮ ಅಲ್ವಾ ಮಾರಾಯ್ರೆ, ನಾನೇ ಓದ್ತೇನೆ” ಎಂದೆ ನೀನು. ನೀನು ಓದಿದೆ, ನಾನು ಸಹಿ ಮಾಡಿದೆ.

ಮೊನ್ನೆ ಕ್ರಿಸ್ಮಸ್ಸಿಗೆ ನೀವಿರುವ ಆ ಕಾಪು ಮನೆಗೆ ಬಂದಾಗ ಊಟದ ಹೊತ್ತಿಗೆ ಹೇಳಿದೆನಲ್ಲ, ನಿವೃತ್ತಿಯಾದ ಮೇಲೆ ಇಲ್ಲಿಯೇ ಬಂದಿರುತ್ತೇನೆ, ಗೇಟಿನಿಂದ ಬಾವಿಕಟ್ಟೆಯವರೆಗೆ ಹಿಡಿದು ನಡೆಯಲು ಒಂದು ಕಬ್ಬಿಣದ ಸರಳು ಹಾಕಿಸುತ್ತೇನೆ ಎಂದು. ಬಾವ ಬಾಯಲ್ಲಿದ್ದ ತುತ್ತನ್ನು ಜಗಿಯುತ್ತಲೇ, “ಯಾರ ಜಾಗದಲ್ಲಿ?” ಎಂದರು. ನೀನು ಕೂಡಲೇ, “ಇನ್ನೊಂದು ಸಾನ್ನ ಹಾಕಲಾ?” ಎಂದು ಕೇಳಿದೆ. ಆ ಸಾನ್ನ ಇನ್ನೂ ನನ್ನ ಗಂಟಲಲ್ಲೇ ಉಂಟು.

ಕಾರ್ಕಳಕ್ಕೆ ಹಿಂತಿರುಗಿ, ಆ ಕಾಗದದ ದೃಢೀಕೃತ ಪ್ರತಿ ತರಿಸಿ, ಫೋನಿನ ಎದುರು ಹಿಡಿದೆ. ಈಗಿನ ಫೋನುಗಳು ಓದುತ್ತವೆ ಅಕ್ಕ. ಅದಕ್ಕೆ ತಮ್ಮ ಇಲ್ಲ, ಗಂಡ ಇಲ್ಲ, ಕಾಪುವಿನಲ್ಲಿ ಜಾಗವೂ ಬೇಡ. ಮುದ್ರೆಯನ್ನು ಓದಿತು, ಪುಟಸಂಖ್ಯೆಯನ್ನೂ ಓದಿತು. ಮೂರನೇ ಪುಟದಲ್ಲಿ ನೀನು ಓದದೇ ಬಿಟ್ಟ ಐದು ಸಾಲನ್ನೂ ಓದಿತು: ಬೆಂಜಮಿನ್ ಎಂಬ ನಾನು ಸದರಿ ಮನೆ ಮತ್ತು ಜಾಗದ ಮೇಲಿನ ನನ್ನ ಸಕಲ ಹಕ್ಕನ್ನು ಸ್ವಸಂತೋಷದಿಂದ ಅಕ್ಕನಿಗೆ ಬಿಟ್ಟುಕೊಟ್ಟಿದ್ದೇನೆ. ಆ ಸಂತೋಷ ಎಷ್ಟಿತ್ತೆಂದರೆ ನನಗೇ ಗೊತ್ತಾಗಲಿಲ್ಲ.

ಉಡುಪಿಯ ವಕೀಲೆ ಪ್ರಣೀತಾ ನನ್ನ ಹಳೆಯ ವಿದ್ಯಾರ್ಥಿನಿ. “ಸ್ವಂತ ಅಕ್ಕನ ಮೇಲೆ ಕೇಸಾ ಸರ್? ಒಮ್ಮೆ ಕೂತು ಮಾತಾಡಬಹುದಲ್ವಾ?” ಎಂದಳು. “ಬಾಯಿಮಾತು ನಂಬಿಯೇ ಮನೆ ಹೋದದ್ದು, ಇನ್ನು ಬರಹದಲ್ಲಿ ವಾಪಸ್ ಬರಲಿ” ಎಂದೆ. ಅವಳು ನನ್ನ ಫೋನಿಗೆ ಅಂಗವಿಕಲರ ಹಕ್ಕುಗಳ ಕಾಯ್ದೆ ಕಳಿಸಿದಳು, ೨೦೧೬ರದ್ದು. ನಾನು ಮೇಲೆ ಹೇಳಿದ ಓದು ಅದೇ. ಅದರ ಹದಿಮೂರನೇ ಸೆಕ್ಷನ್ ಪ್ರಕಾರ ಆಸ್ತಿಯ ಮೇಲೆ ನಮಗೂ ಎಲ್ಲರಷ್ಟೇ ಹಕ್ಕು. ನಮ್ಮ ನೆರವಿಗೆ ನಿಂತವರ ಲಾಭವೂ ನಮ್ಮ ಲಾಭವೂ ಎದುರುಬದುರಾದರೆ, ಆ ವ್ಯವಹಾರದಲ್ಲಿ ಅವರು ದೂರ ನಿಲ್ಲಬೇಕು. ನೀನು ದೂರ ನಿಲ್ಲಲಿಲ್ಲ. ನಾನು ದೂರು ನಿಲ್ಲಿಸುವುದಿಲ್ಲ.

ಕಾಗದ ರದ್ದು ಮಾಡಿಸಲು ದಾವೆ ಹಾಕಿಯಾಗಿದೆ. ನೋಟಿಸು ಮುಂದಿನ ವಾರ ನಿನ್ನ ಕೈಸೇರುತ್ತದೆ. ಗುಮಾಸ್ತರ ಮೇಲೂ ಅಂಗವಿಕಲರ ಆಯುಕ್ತರಿಗೆ ದೂರು ಹೋಗಿದೆ. ವಿಚಾರಣೆಯ ದಿನ ಅವರ ವಯಸ್ಸನ್ನು ಅವರ ಪಕ್ಕದಲ್ಲಿದ್ದವರ ಹತ್ತಿರ ಕೇಳಬೇಕೆಂದು ನನಗೆ ಬಹಳ ಆಸೆ.

ನೋಟಿಸನ್ನಾದರೆ ನೀನು ಒಬ್ಬಳೇ ಓದಿ ಬೀರುವಿನೊಳಗೆ ಇಟ್ಟುಬಿಡುತ್ತೀಯ. ಈ ಪತ್ರವನ್ನು ಹಾಗೆ ಮಾಡಲಾಗದು. ನಿಮ್ಮ ಮಗಳು ವನೆಸ್ಸಾ ಮನೆಯಲ್ಲಿರುವ ಭಾನುವಾರವೇ ಬರಬೇಕೆಂದು ಟೀಚರಿಗೆ ಹೇಳಿದ್ದೇನೆ. ಅವಳೂ ಕೇಳಲಿ.

ಪ್ರಣೀತಾಳಿಗೆ ಒಂದೇ ಮಾತು ಹೇಳಿದ್ದೇನೆ. ಜೆಸ್ಸಿಯನ್ನು ಕಟಕಟೆಗೆ ಹತ್ತಿಸಿ ಆ ಐದು ಸಾಲು ಗಟ್ಟಿಯಾಗಿ ಓದಿಸು, ನನ್ನ ಎದುರಲ್ಲಿ, ಅವಳ ದನಿಯಲ್ಲಿ. ಮನೆ ಆಮೇಲೆ.

ದೇವರು ನಿನಗೆ ದೀರ್ಘಾಯುಷ್ಯ ಕೊಡಲಿ. ದಾವೆಗಳು ನಿಧಾನ, ನೀನು ಕೊನೆಯವರೆಗೂ ಗಟ್ಟಿಯಾಗಿರಬೇಕು. ವನೆಸ್ಸಾಳಿಗೆ ಮಾಮನ ಮುತ್ತು. ಟೀಚರನ್ನು ಊಟ ಹಾಕದೆ ಕಳಿಸಬೇಡ, ಮಟ್ಟುಗುಳ್ಳದ ಸಾಂಬಾರೆಂದರೆ ಅವರಿಗೆ ಜೀವ.

ನಿನ್ನ ತಮ್ಮ
ಬೆಂಜಮಿನ್

ಮರೆತಿದ್ದೆ: ಟೀಚರ್, ಇದೊಂದನ್ನು ಸ್ವಲ್ಪ ನಿಧಾನವಾಗಿ ಓದಿ. ಚಿಕ್ಕಂದಿನಲ್ಲಿ, ಬ್ರೈಲ್ ಪುಸ್ತಕ ಸಿಗದ ಪಾಠಗಳನ್ನೆಲ್ಲ ನನಗೆ ನೀನೇ ಓದಿ ಹೇಳುತ್ತಿದ್ದೆ ಅಕ್ಕ. ಪಾಠದಲ್ಲಿ ತಾಯಿಯೋ ನಾಯಿಯೋ ಸಾಯುವುದು ಬಂದರೆ ಒಮ್ಮೆ ಕೆಮ್ಮಿ, ಅಷ್ಟನ್ನು ಹಾರಿಸಿ ಮುಂದಕ್ಕೆ ಹೋಗುತ್ತಿದ್ದೆ, ನಾನು ಅಳುತ್ತೇನೆಂದು. ನನಗೆ ಗೊತ್ತಾಗುತ್ತಿತ್ತು. ಗೊತ್ತಾಗದವನ ಹಾಗೆ ಇರುತ್ತಿದ್ದೆ. ಆ ದಿನ ಕಚೇರಿಯಲ್ಲಿ ಮೂರನೇ ಪುಟಕ್ಕೆ ಬಂದಾಗ ನೀನು ಕೆಮ್ಮಿದೆ. ಅಲ್ಲಿ ಅಮ್ಮನ ಸಾವಿನ ವಿಷಯ ಬರೆದಿರಬೇಕು, ನನಗೆ ನೋವಾಗಬಾರದೆಂದು ಹಾರಿಸಿದಳು ಅಂದುಕೊಂಡೆ. ಸಹಿ ಮಾಡುವ ಮೊದಲು ನಿನ್ನ ಕೈ ಹುಡುಕಿ ಒಮ್ಮೆ ಅದುಮಿದೆ, ನೆನಪುಂಟಾ? ಅದು ಅದಕ್ಕೆ.