ಹೌದು, ಇವರೇ

ಮಾರ್ಚ್ ೧೧, ಮಂಗಳವಾರ

ನನ್ನ ಬಾಯಿಬಡುಕಿ ತಂಗಿಗೆ,

ಅಕ್ಕನ ಆಶೀರ್ವಾದಗಳು. ಕವರಿನ ಮೇಲಿನ ಅಕ್ಷರ ನೋಡಿಯೇ ಹರಿದು ಬಿಸಾಡಬೇಕು ಅನ್ನಿಸಿರುತ್ತದೆ ನಿನಗೆ. ದಮ್ಮಯ್ಯ, ಹರಿಯಬೇಡ. ಆರು ವರ್ಷ ಒಂದು ಸಾಲೂ ಬರೆಯದೆ ಕುಳಿತದ್ದು ನನ್ನದೇ ತಪ್ಪು. ಕಾಯಿಲೆಯ ಅಮ್ಮ ಯಾರ ಮನೆಯಲ್ಲಿರಬೇಕು ಎಂದು ಕಿತ್ತಾಡಿದೆವು. ಅಮ್ಮ ಹೋದ ಮೇಲೂ ಮುಖ ತಿರುಗಿಸಿಕೊಂಡೇ ಇದ್ದೆವು. ಇಲ್ಲಿ ನನ್ನ ಮಂಡಿ ನೋವು ಹಾಗೇ ಇದೆ, ನಿಮ್ಮ ಭಾವನ ಗೊರಕೆಯೂ ಹಾಗೇ ಇದೆ.

ನಿನ್ನ ವಿಷಯ ಚಿಕ್ಕಮ್ಮ ಫೋನಿನಲ್ಲಿ ಹೇಳಿದರು. "ಯಾವಳೋ ಇವಳ ಫೋಟೊ ಹಾಕ್ಕೊಂಡು ಇಂಟರ್ನೆಟ್‌ನಲ್ಲಿ ಇವಳ ಹೆಸರಲ್ಲೇ ಖಾತೆ ತೆಗ್ದಿದಾಳಂತೆ ಕಣೇ. ಶಾಲೆ ಮಕ್ಕಳ ಫೋಟೊ ಹಾಕಿ ಕೆಳಗೆ ದಡ್ಡ, ಪೆದ್ದ ಅಂತ ಬರೀತಾಳಂತೆ" ಎಂದರು. ಮಾತು ತಡವಾಗಿ ಬರುವ ಮಕ್ಕಳಿಗೆ ಹನ್ನೊಂದು ವರ್ಷ ಒಂದೊಂದೇ ಶಬ್ದ ಕಲಿಸಿದವಳಿಗೆ ಇಂಥ ಗತಿ! ನಿಮ್ಮ ಹೆಡ್‌ಮಿಸ್ ಎದುರು ನೀನು ಕಣ್ಣೀರಿಟ್ಟೆಯಂತೆ. ಅವರು, "ಖಾತೆಗೆ ನೀಲಿ ಗುರುತಿದೆಯಲ್ಲಮ್ಮ. ಕಂಪನಿಯವರೇ ಪರೀಕ್ಷೆ ಮಾಡಿ ಅದು ನೀವೇ ಅಂದ್ಮೇಲೆ ನಾವೇನು ಹೇಳೋಣ?" ಎಂದರಂತೆ. ಶುಕ್ರವಾರದ ವಿಚಾರಣೆಯಲ್ಲಿ ನಿನ್ನ ಕೆಲಸ ಹೋಗುವುದು ಖಂಡಿತ ಎಂದು ಚಿಕ್ಕಮ್ಮ ಬಿಕ್ಕಿದರು.

ಆ ಗುರುತು ಕೊಡುವುದೇ ನನ್ನ ಕೆಲಸ ಕಣೇ. ನಾಲ್ಕು ವರ್ಷವಾಯಿತು, ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಕಿಟಕಿಯಿಲ್ಲದ ಹಾಲ್‌ನಲ್ಲಿ ಅರವತ್ತು ಮೇಜು. ಪರದೆಯ ಎಡಕ್ಕೆ ಆಗಷ್ಟೇ ತೆಗೆದ ಮುಖದ ಫೋಟೊ, ಬಲಕ್ಕೆ ಗುರುತಿನ ಚೀಟಿ. ಇಪ್ಪತ್ತೈದು ಸೆಕೆಂಡಿನಲ್ಲಿ 'ಹೌದು, ಇವರೇ' ಅಥವಾ 'ಹೊಂದುವುದಿಲ್ಲ' ಒತ್ತಬೇಕು. "ಮುಖ ಆಮೇಲೆ, ಮೊದ್ಲು ಕಿವಿ ನೋಡ್ರಮ್ಮ" ಎಂದು ನಮ್ಮ ಸೂಪರ್‌ವೈಸರ್ ದಿನಾ ತಲೆ ತಿನ್ನುತ್ತಾನೆ. ಪರಿಚಯದವರ ಮುಖ ಬಂದರೆ ಮುಟ್ಟದೆ ಪಕ್ಕದ ಮೇಜಿಗೆ ದಾಟಿಸಬೇಕು. ಅದು ನಿಯಮ.

ಜನವರಿಯಲ್ಲಿ ನಿನ್ನ ಮುಖ ಬಂತು. ಅಯ್ಯೋ, ನಗು ಥೇಟ್ ಅಮ್ಮನದೇ! ದಾಟಿಸಲು ಮನಸ್ಸೇ ಬರಲಿಲ್ಲ. ಕಿವಿ ನೋಡಲಿಲ್ಲ, ಚೀಟಿ ನೋಡಲಿಲ್ಲ. ಇದ್ದಷ್ಟು ಹೊತ್ತೂ ನಿನ್ನನ್ನೇ ನೋಡಿದೆ. ನನ್ನ ತಂಗಿಯನ್ನು ನಾನು ಪರೀಕ್ಷೆ ಮಾಡುವುದೇ ಎಂದುಕೊಂಡು 'ಹೌದು' ಒತ್ತಿದೆ. ಚಿಕ್ಕಮ್ಮ ಫೋನ್ ಮಾಡಿದ ಮೇಲೆ, ನಿನ್ನೆ, ಅದನ್ನು ಮತ್ತೆ ತೆರೆದು ನೋಡಿದೆ. ಇನ್ನೊಂದು ಫೋನಿನಲ್ಲಿದ್ದ ನಿನ್ನ ಹಳೆಯ ಫೋಟೊವನ್ನು ಕ್ಯಾಮೆರಾಗೆ ಹಿಡಿದಿದ್ದಾರೆ. ಫೋನಿನ ಅಂಚು ಕೂಡ ಕಾಣುತ್ತದೆ. ಚೀಟಿಯಲ್ಲಿ ನೀನು ಹುಟ್ಟಿದ ವರ್ಷವೇ ತಪ್ಪು. ಮೊನ್ನೆ ಮೊನ್ನೆ ಸೇರಿದ ಹುಡುಗಿಯೂ ಹಿಡಿಯುತ್ತಿದ್ದಳು. ನಾನು ಹಿಡಿಯಲಿಲ್ಲ.

ಇದನ್ನೆಲ್ಲ ಬೇರೆ ಹಾಳೆಯಲ್ಲಿ ಬರೆದು, ಕಂಪನಿ ಕೊಟ್ಟ ನನ್ನ ಸಂಖ್ಯೆ ಹಾಕಿ, ಸಹಿ ಮಾಡಿ ಇಟ್ಟಿದ್ದೇನೆ. ಶುಕ್ರವಾರ ಅವರ ಕೈಗೆ ಕೊಡು. ನನ್ನ ಕೆಲಸ ಹೋದರೆ ಹಾಳಾಗಿ ಹೋಗಲಿ. ನೀನು ಚೆನ್ನಾಗಿರು ತಾಯಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ಇನ್ನೂ ನೂರು ಮಕ್ಕಳು ನಿನ್ನ ಹತ್ತಿರ ಮಾತು ಕಲಿಯಲಿ.

ನಿನ್ನ
ಅಕ್ಕ

ಕವರ್ ಅಂಟಿಸುವ ಮೊದಲು: ನಿನ್ನೆ ನೋಡಿದೆ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಯಾರು ಗುರುತು ಕೊಟ್ಟಿರುತ್ತಾರೋ ದೂರು ಮೊದಲು ಅವರ ಮೇಜಿಗೇ ಬರುವುದು ನಮ್ಮಲ್ಲಿನ ಪದ್ಧತಿ. ಕಳೆದ ತಿಂಗಳು "ನಾನೇ ನಾನು" ಎಂದು ನೀನು ಕಳಿಸಿದ ದೂರು ನನಗೇ ಬಂತು. ಫೋಟೊದಲ್ಲಿ ನೀನು ಚೀಟಿಯನ್ನು ಕೆನ್ನೆಗೆ ಒತ್ತಿ ಹಿಡಿದಿದ್ದೆ, ಕಣ್ಣು ಊದಿಕೊಂಡಿತ್ತು. ನೋಡಿದ ಕ್ಷಣವೇ ಎಲ್ಲ ಅರ್ಥವಾಯಿತು. ಇದು ನೀನೇ ಎಂದು ಒಪ್ಪಿಕೊಂಡರೆ ಮೊದಲು ತಪ್ಪಿದವರು ಯಾರು ಎಂದು ಕೇಳುತ್ತಾರಲ್ಲ, ಹೆದರಿದೆ. 'ಹೊಂದುವುದಿಲ್ಲ' ಒತ್ತಿದೆ. ವಾರ ಬಿಟ್ಟು ನೀನು ಮತ್ತೆ ಕಳಿಸಿದೆ, ತಲೆ ಬಾಚಿಕೊಂಡು, ಬೆಳಕಿಗೆ ಮುಖ ಮಾಡಿ. ನಾನು ಮತ್ತೆ ಅದನ್ನೇ ಒತ್ತಿದೆ.