ಕಪಾಟಿನಲ್ಲಿ ಸತ್ತ ಔಷಧಿ

ಹಂದಿಮರಿಗಳ ಭೇದಿ ತಡೆಯುವ ಪ್ರಾಯೋಗಿಕ ಯೋಜನೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಕಚೇರಿ ಬೀಗ ಹಾಕಿ ಜೋಪಾನ ಮಾಡಿದ್ದು ಹೆಣಗಳನ್ನು. ಜೀವಂತ ಬ್ಯಾಕ್ಟೀರಿಯಾದ ಪುಡಿಯನ್ನು ಮೇ ತಿಂಗಳ ಮುಂಬಯಿಯಲ್ಲಿ ಕಬ್ಬಿಣದ ಕಪಾಟಿನೊಳಗಿಟ್ಟು ಕೊಂದಿರಿ. ಸತ್ತ ಪುಡಿಯನ್ನೇ ಭಾಂಡುಪಿನ ಭಾಗವ್ವನ ಹಂದಿಮರಿಗಳಿಗೆಂದು ಕೊಟ್ಟಿರಿ. ಮರಿಗಳು ಭೇದಿಯಾಗಿ ಸತ್ತಮೇಲೆ, ಈ ಔಷಧಿ ನಮ್ಮ ಹವಾಮಾನಕ್ಕೆ ಒಗ್ಗುವುದಿಲ್ಲವೆಂದು ವರದಿ ಬರೆದು ಯೋಜನೆಯನ್ನೇ ಮುಚ್ಚಿದಿರಿ. ಭಾಗವ್ವನ ಹಂದಿ ಮತ್ತೆ ಗಬ್ಬವಾಗಿದೆ, ದಿನ ತುಂಬಿದೆ. ಅದಕ್ಕಾಗಿ ಈ ಪತ್ರ.

ನಿಮಗೆ ಕನ್ನಡ ಬರುವುದಿಲ್ಲವೆಂದು ಬಲ್ಲೆ. ಇಂಗ್ಲಿಷಿನಲ್ಲಿ ಬರೆದೆ; ಪಕ್ಕದ ಮನೆಯವರಿಂದ ತಿದ್ದಿಸಿ ಮರಾಠಿಯಲ್ಲೂ ಬರೆದೆ. ನಿಮಗೆ ಬರುವ ಭಾಷೆಗಳಲ್ಲಿ ಬರೆದು ಉತ್ತರ ಸಿಗದ ಮೇಲೆ, ಬಾರದ ಭಾಷೆಯಲ್ಲಿ ಬರೆದು ಕಳೆದುಕೊಳ್ಳುವುದೇನು? ಕಾನ್ವೆಂಟಿನಲ್ಲಿ ಓದಿದ ನನಗೂ ಕನ್ನಡ ಬರವಣಿಗೆ ಸಲೀಸಲ್ಲ. ಆದರೆ ಕನ್ನಡ ಪತ್ರಿಕೆಯಲ್ಲಿ ಅಚ್ಚಾದರೆ ಇದನ್ನು ಭಾಗವ್ವನಿಗೆ ಯಾರಾದರೂ ಓದಿ ಹೇಳಬಹುದು.

ನಾನು ಘಾಟ್ಕೋಪರಿನ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿ ಶಾಸ್ತ್ರ ಕಲಿಸುವವಳು. ಭಾಂಡುಪಿನ ಮುಚ್ಚಿದ ಕಾರ್ಖಾನೆಯ ಗೋಡೆಯ ಪಕ್ಕ ಹಂದಿ ಸಾಕುವ ಬಿಜಾಪುರದ ಹೆಂಗಸರನ್ನು ಒಪ್ಪಿಸಲು ಕನ್ನಡ ಬಲ್ಲವರು ಬೇಕೆಂದು ನೀವೇ ನನ್ನನ್ನು ಕರೆಸಿದಿರಿ. ಮರಿ ಹುಟ್ಟಿದ ಕೂಡಲೇ, ಕೆಟ್ಟ ಕ್ರಿಮಿಗಳು ಕರುಳು ಸೇರುವ ಮೊದಲೇ, ಒಳ್ಳೆಯ ಬ್ಯಾಕ್ಟೀರಿಯಾ ಕೊಡಬೇಕು. ಲೋಕಲ್ ರೈಲು ಹೊರಡುವ ಸ್ಟೇಷನ್ನಿನಲ್ಲೇ ಹತ್ತಿ ಸೀಟು ಹಿಡಿದ ಹಾಗೆ. ಆಮೇಲೆ ನುಗ್ಗಿದವರಿಗೆ ಕೂರಲು ಜಾಗವಿರುವುದಿಲ್ಲ. ಜೊತೆಗೊಂದು ಬಗೆಯ ಸಕ್ಕರೆ. ಅದು ಮರಿಗೆ ಜೀರ್ಣವಾಗದೆ ಕರುಳಿನ ಕೊನೆಯವರೆಗೂ ಹೋಗಿ ಆ ಬ್ಯಾಕ್ಟೀರಿಯಾಕ್ಕೆ ಬುತ್ತಿಯಾಗುತ್ತದೆ. ಇದನ್ನೆಲ್ಲ ಹೇಳಿದಾಗ ಭಾಗವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. “ಹುಳಕ್ಕ ಸಕ್ಕರಿ ಹಾಕಿ ಸಾಕೂದೇನ್ರಿ ಅಕ್ಕಾರ? ಹಂಗಿದ್ರ ನನ್ನ ಗಂಡಗೂ ಒಂದ ಚಮಚಾ ಹಾಕ್ರಿ, ದಿನಾ ಹೊಟ್ಟಿನೋವ ಅಂತಾನ.”

ನಗು ನಿಂತದ್ದು ಮರಿ ಹುಟ್ಟಿದ ದಿನವೇ ಬರುತ್ತೇನೆಂದಾಗ. ಹಂದಿ ಈದರೆ ಅವರು ಗೂಡಿನ ಬಾಯಿಗೆ ಗೋಣಿತಟ್ಟು ಇಳಿಬಿಡುತ್ತಾರೆ. ಐದು ದಿನ ಹೊರಗಿನವರು ಮರಿಗಳನ್ನು ನೋಡುವಂತಿಲ್ಲ. “ಕಣ್ಣ ಬೀಳತೈತ್ರಿ. ನಮ್ಮ ತಮ್ಮಗೂ ತೋರ್ಸಂಗಿಲ್ಲ” ಎಂದಳು. ನಾನು ವಾದಿಸಿದೆ. ಪಾಠ ಹೇಳುವವರಿಗೆ ವಾದದಲ್ಲಿ ಗೆಲ್ಲುವುದು ಅಭ್ಯಾಸವಾಗಿರುತ್ತದೆ. “ಓದಿದಾಕಿ ಅದೀರಿ, ನಿಮ್ಮ ಮಾತ ಹೆಂಗ ತಗದಹಾಕ್ಲಿ” ಎಂದು ಅವಳು ಗೋಣಿತಟ್ಟು ಎತ್ತಿದಳು. ಒಂದೊಂದು ಮರಿಯ ಬಾಯಿಗೂ ಪುಡಿ ಕಲಸಿದ ನೀರನ್ನು ನಾನೇ ಹನಿಸಿದೆ. ವಾರದೊಳಗೆ ಹಳದಿ ಭೇದಿ ಶುರುವಾಯಿತು. ಎರಡು ಉಳಿದವು.

ಮಿಕ್ಕ ಪುಡಿಯನ್ನು ಕಾಲೇಜಿನ ಲ್ಯಾಬಿನಲ್ಲಿ ಬೆಳೆಸಲು ನೋಡಿದೆ. ಏನೂ ಬೆಳೆಯಲಿಲ್ಲ. ನಿಮ್ಮ ಕಚೇರಿಗೆ ಬಂದೆ, ನೀವು ಮೀಟಿಂಗಿನಲ್ಲಿದ್ದಿರಿ. ಸ್ಟೋರ್ ನೋಡಿಕೊಳ್ಳುವ ಮರೆಪ್ಪನವರು ಕುರ್ಚಿ ಕೊಟ್ಟರು. ತಂಪಿನಲ್ಲಿಡಬೇಕೆಂದು ಡಬ್ಬಿಯ ಮೇಲೇ ಬರೆದಿತ್ತಲ್ಲ, ಎಂದು ಕೇಳಿದೆ.

“ಬರದಿತ್ರಿ ಮೇಡಂ. ಆದ್ರ ಸರ್ಕಾರಿ ಮಾಲು ಕೀಲಿ-ಕುಲೂಪಿನಾಗ ಇರಬೇಕಂತ ಸಾಹೇಬ್ರ ಆರ್ಡರ್ ಐತಿ. ಫ್ರಿಜ್ಜಿಗೆ ಕುಲೂಪು ಎಲ್ಲೈತ್ರಿ? ಕಪಾಟಿಗೈತಿ.”

“ಮತ್ತೆ ಆ ಸಕ್ಕರೆ? ನಮಗೆ ಬರೀ ಪುಡಿ ಬಂತು.”

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಆಡಿಟ್‌ದವ್ರು ಬಂದಾಗ ಆಫೀಸಿನ ಸಕ್ಕರಿ ತೀರಿತ್ರಿ. ಚಾದಾಗ ಅದನ್ನ ಹಾಕಿದ್ವಿ. ಎಷ್ಟ ಹಾಕಿದ್ರೂ ಸಿಹಿ ಹತ್ತವಲ್ದು! ಆಮ್ಯಾಲ ಅವರ ಹೊಟ್ಟಿ ಗುಡುಗುಡು ಅಂದು, ಫೈಲ್ ನೋಡೂದ ಬಿಟ್ಟು ಓಡ್ಯಾಡಿದ್ರು.”

ಆ ಸಕ್ಕರೆ ಕರುಳಿನ ಕೊನೆಯವರೆಗೂ ಹೋಗುತ್ತದೆಂಬುದು ಹೀಗೆ ಸಾಬೀತಾಯಿತು. ನಿಮ್ಮ ಯೋಜನೆಯ ಏಕೈಕ ನಿರ್ವಿವಾದ ಫಲಿತಾಂಶವನ್ನು ವರದಿಯಲ್ಲಿ ಏಕೆ ಬಿಟ್ಟಿರಿ? ಫ್ರಿಜ್ಜನ್ನೂ ತೆರೆದು ನೋಡಿದೆ. ನೀರಿನ ಬಾಟಲಿಗಳು, ಸಾಹೇಬರದೆಂದು ಚೀಟಿ ಅಂಟಿಸಿದ ಶ್ರೀಖಂಡದ ಡಬ್ಬಿ. ಶ್ರೀಖಂಡ ಮೊಸರಿನದು, ಮೊಸರಿನಲ್ಲಿರುವುದೂ ಇದೇ ಬಳಗದ ಬ್ಯಾಕ್ಟೀರಿಯಾ. ಒಂದೇ ಬಳಗದಲ್ಲಿ ಯಾರಿಗೆ ತಂಪು, ಯಾರಿಗೆ ಕಪಾಟು ಎಂಬುದನ್ನು ಯಾವ ನಿಯಮ ತೀರ್ಮಾನಿಸುತ್ತದೆ, ಮಾನ್ಯರೇ?

ಪುಡಿ ಜೀವಂತವಿದ್ದಿದ್ದರೆ ಮರಿಗಳೆಲ್ಲ ಉಳಿಯುತ್ತಿದ್ದವೆಂದು ನಾನು ಆಣೆ ಮಾಡಲಾರೆ. ಗೂಡಿನ ಕೊಚ್ಚೆ, ಹೋಟೆಲಿನಿಂದ ತರುವ ಮುಸುರೆ, ಕಾರಣ ಬೇರೆ ಇದ್ದೀತು. ಗೊತ್ತಾಗಲಿ ಎಂದೇ ಅಲ್ಲವೇ ಪ್ರಯೋಗ ಮಾಡುವುದು? ನಡೆಯದ ಪ್ರಯೋಗ ಸೋತಿತೆಂದು ಬರೆಯಲು ಪೆನ್ನು ಹೇಗೆ ಓಡಿತು?

ತಪ್ಪು ಔಷಧಿಯದೆಂದು ನಿಮ್ಮ ವರದಿ ಹೇಳುತ್ತದೆ. ಭಾಗವ್ವ ಹಾಗೆನ್ನುವುದಿಲ್ಲ. “ನಿಮ್ಮ ಕಣ್ಣ ಕೆಟ್ಟದ್ದ ಅನ್ನಂಗಿಲ್ಲ ಅಕ್ಕಾರ. ಆದ್ರ ಬಿತ್ತ ನೋಡ್ರಿ” ಎಂದಳು, ಬೈಯದೆ, ನನಗೇ ಸಮಾಧಾನ ಹೇಳುವಂತೆ. ಕಪಾಟಿನ ಕಥೆ ಹೇಳಿದೆ. “ಕಣ್ಣಿಗಿ ಕಾಣದ ಹುಳ ಸತ್ತಾವಂತ ಹೆಂಗ ಗೊತ್ತಾತ್ರಿ?” ಎಂದು ಕೇಳಿದಳು. ಲ್ಯಾಬು, ಗಾಜಿನ ತಟ್ಟೆ ಎಂದೇನೋ ತಡವರಿಸಿದೆ. ಅವಳಿಗೆ ಕಂಡದ್ದು ಗೋಣಿತಟ್ಟು ಎತ್ತಿ ಒಳಗೆ ಬಂದ ನಾನು, ಆಮೇಲೆ ಸತ್ತ ಮರಿಗಳು. ಅವಳ ಜಾಗದಲ್ಲಿ ನಾನಿದ್ದರೆ ಏನನ್ನು ನಂಬುತ್ತಿದ್ದೆ?

ಹೊಸ ಪುಡಿ ತರಿಸಿಕೊಡಿ, ಐಸಿನ ಪೆಟ್ಟಿಗೆಯಲ್ಲಿ, ಅದರ ಸಕ್ಕರೆಯ ಸಮೇತ. ನಿಮ್ಮಲ್ಲಿ ಜಾಗವಿಲ್ಲದಿದ್ದರೆ ನನ್ನ ಮನೆಯ ಫ್ರಿಜ್ಜಿದೆ; ಬೇಕೆಂದರೆ ಅದಕ್ಕೆ ಬೀಗವನ್ನೂ ಹಾಕಿಸುತ್ತೇನೆ. ಪುಡಿಯ ಜೊತೆ ನೀವೂ ಬನ್ನಿ. ಮರಿಗಳು ಸತ್ತದ್ದು ಕಣ್ಣು ಬಿದ್ದು ಅಲ್ಲ, ನಮ್ಮ ಕಪಾಟಿನಲ್ಲಿ ಔಷಧಿ ಸತ್ತಿತ್ತು ಎಂದು ಭಾಗವ್ವನಿಗೆ ಹೇಳಿ. ಮರಾಠಿಯಲ್ಲಿ ಹೇಳಿದರೂ ಸಾಕು, ಅವಳಿಗೆ ಬರುತ್ತದೆ. ನೀವು ಹೇಳದೆ ಅವಳು ನನ್ನನ್ನು ಒಳಗೆ ಬಿಡುವುದಿಲ್ಲ.

ನಿನ್ನೆ ಸಂಜೆ ಅಲ್ಲಿಗೆ ಹೋಗಿದ್ದೆ. ಹಂದಿ ಹುಲ್ಲು, ಬಟ್ಟೆಯ ಚಿಂದಿ ಕಚ್ಚಿ ಮೂಲೆಗೆ ಒಯ್ಯುತ್ತಿತ್ತು. ಈಯುವ ಮುನ್ನ ಹಾಗೆ ಮಾಡುತ್ತದಂತೆ. ನೀವು ಇದನ್ನು ಯಾರಿಂದಲಾದರೂ ಓದಿಸಿಕೊಳ್ಳುವ ಹೊತ್ತಿಗೆ ಮರಿಗಳು ಹುಟ್ಟಿರುತ್ತವೆ. ಭಾಗವ್ವ ನನ್ನನ್ನು ನೋಡಿ ನಕ್ಕಳು. “ಚಾ ಕುಡೀತೀರೇನ್ರಿ ಅಕ್ಕಾರ?” ಎಂದಳು. ಕೇಳುತ್ತಲೇ ಹಿಂದಕ್ಕೆ ಕೈಚಾಚಿ ಗೋಣಿತಟ್ಟನ್ನು ಇಳಿಬಿಟ್ಟಳು.

ಇಂತಿ,
ಗೋಣಿತಟ್ಟಿನ ಹೊರಗೆ ಚಹಾ ಕುಡಿದು ಬಂದ
ಅಲಮೇಲು
ಘಾಟ್ಕೋಪರ್